ನಾಲ್ಕನೇ ಚೌಕ

ರಾಷ್ಟ್ರಪತಿ ಚುನಾವಣೆ ಹತ್ತಿರವಿದ್ದಾಗ ನಾನು ಸರ್ವೆ ಕೆಲಸಕ್ಕೆಂದು ಕುಮಾರಸ್ವಾಮಿ ಲೇಔಟಿನಲ್ಲಿ ಮನೆ ಮನೆ ಸುತ್ತುತ್ತಿದ್ದೆ. ಫಾರಂನಲ್ಲಿ ಇದ್ದದ್ದು ಒಂದೇ ಪ್ರಶ್ನೆ: ಶಾಸಕಾಂಗ ಪಕ್ಷದ ನಾಯಕರೊಬ್ಬರು ಒಳ್ಳೆಯ ರಾಷ್ಟ್ರಪತಿ ಅಭ್ಯರ್ಥಿ ಆಗಬಲ್ಲರೇ? ಕೆಳಗೆ ಹೌದು, ಇಲ್ಲ, ಗೊತ್ತಿಲ್ಲ ಎಂಬ ಮೂರು ಚೌಕ.

ಆರು ಮನೆ ಬಾಡಿಗೆಗೆ ಕೊಟ್ಟಿದ್ದ ಗೌರಮ್ಮ ನೀರಿನ ಸಂಪಿನ ಹತ್ತಿರ ನಿಂತಿದ್ದರು. ಬಾಡಿಗೆ ಮನೆಗಳಿಗೆ ನೀರು ಬಿಡುವ ವಾಲ್ವಿಗೆ ಬೀಗ ಹಾಕಿ, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು.

ನನ್ನ ಪ್ರಶ್ನೆ ಕೇಳಿಸಿಕೊಂಡ ಗೌರಮ್ಮ, "ಮೇಲಿನ ಮನೆಯೋರ ಪರವಾಗಿ ವರ್ಷಗಟ್ಟಲೆ ನೀರಿಗೆ ಜಗಳ ಆಡಿದೋನಿಗೆ ಈ ಬೀಗದ ಕೈ ಕೊಟ್ರೆ, ಕೆಳಗಿನೋರು ನಂಬ್ತಾರೇನಪ್ಪಾ?" ಎಂದರು.

"ಹಂಗಾದ್ರೆ ಇಲ್ಲ ಅಂತ ಹಾಕ್ಲಾ ಅಮ್ಮ?"

"ಇಲ್ಲ ಅಂದ್ನಾ ನಾನು? ಜಗಳ ಆಡಿದೋನಿಗೇ ಯಾರ ಮನೆಗೆ ನೀರು ಬರಲ್ಲ ಅಂತ ಚೆನ್ನಾಗಿ ಗೊತ್ತಿರುತ್ತೆ. ಪಕ್ಷ ಬಿಟ್ಟು ಬರ್ಲಿ, ಕೆಳಗಿನ ಮನೆಗೂ ಅಷ್ಟೇ ನೀರು ಬಿಡ್ತೀನಿ ಅನ್ಲಿ. ಆಮೇಲೆ ಹೌದು."

"ಅದಕ್ಕೆ ಚೌಕ ಇಲ್ಲಮ್ಮ. ಗೊತ್ತಿಲ್ಲ ಅಂತ ಹಾಕ್ತೀನಿ."

"ಗೊತ್ತಿಲ್ವಾ? ಮತ್ತೆ ಇಷ್ಟೊತ್ತು ಹೇಳಿದ್ದೇನು?" ಎಂದು ಪೆನ್ನು ಕಿತ್ತುಕೊಂಡು, ನಾಲ್ಕನೇ ಚೌಕವನ್ನು ತಾವೇ ಬರೆದು ಗುರುತು ಹಾಕಿದರು.

ಸಂಜೆ ಸರ್ವೆಯ ಸೂಪರ್‌ವೈಸರ್ ಆ ಫಾರಂ ನೋಡಿ, "ಇದನ್ನ ಗೊತ್ತಿಲ್ಲ ಅಂತ ತಿದ್ದು" ಎಂದರು.

"ತಿದ್ದಲ್ಲ ಸಾರ್. ಅವರಿಗೆ ಗೊತ್ತಿದೆ" ಎಂದೆ.

ಅವರು ಫಾರಂ ಹರಿದು ಬುಟ್ಟಿಗೆ ಹಾಕಿದರು. ಅವತ್ತು ಸುತ್ತಿದ ಅಷ್ಟೂ ಮನೆಗಳಲ್ಲಿ ಯೋಚಿಸಿ ಉತ್ತರ ಕೊಟ್ಟವರು ಗೌರಮ್ಮ ಒಬ್ಬರೇ. ರಿಜೆಕ್ಟ್ ಆಗಿದ್ದೂ ಅವರದ್ದೊಂದೇ.

ಈಗಲೂ ಯಾರಾದರೂ ಸರ್ವೆ ಅಂತ ಬಾಗಿಲು ತಟ್ಟಿದರೆ, ನಾನು ಮೊದಲು ಅವರ ಪೆನ್ನು ಇಸಕೊಳ್ಳುತ್ತೇನೆ.