ಫೋಟೋದಲ್ಲಿ ಇಲ್ಲದ ಮಳೆ

ಇಂಥ ಕತೆಗಳನ್ನು ಯಾರಾದರೂ ಹೇಳಲು ತೊಡಗಿದರೆ ನಾನು ಮಧ್ಯದಲ್ಲೇ ಬಾಯಿ ಹಾಕುತ್ತಿದ್ದೆ. ಮೈಸೂರಿನಲ್ಲಿ ಭೌತಶಾಸ್ತ್ರ ಓದಿ, ಹುಣಸೂರಿನ ಕಾಲೇಜೊಂದರಲ್ಲಿ ಅದನ್ನೇ ಪಾಠ ಮಾಡುವವನಿಗೆ ಅದು ಅಭ್ಯಾಸವಾಗಿಬಿಟ್ಟಿತ್ತು. ಹಾಗಾಗಿ ಇದನ್ನು ಬರೆಯಲು ನನಗೇ ಮುಜುಗರ. ನೀವು ನಂಬಬೇಕೆಂದು ಕೇಳುತ್ತಿಲ್ಲ. ನಾನೇ ನಂಬಿದ್ದೇನೋ ಇಲ್ಲವೋ ಎಂದು ಮೂರು ವರ್ಷಗಳಿಂದ ಯೋಚಿಸಿ ಸುಸ್ತಾಗಿದ್ದೇನೆ.

ಆಕಾಶದ ಫೋಟೋ ತೆಗೆಯುವುದು ನನ್ನ ಚಟ. ಕಾಲೇಜು ಮುಗಿದ ಮೇಲೆ ಮನೆಯಲ್ಲಿ ಕೂರಲಾಗದೆ ಸ್ಕೂಟರ್ ಹತ್ತಿ ಯಾವುದಾದರೂ ಕೆರೆ ಏರಿಗೆ ಹೋಗಿ ಬೆಳಕಿಗಾಗಿ ಕಾಯುತ್ತೇನೆ. ಮಧ್ಯಾಹ್ನದ ಆಕಾಶ ಸಪ್ಪೆ. ಬೆಳಕು ನೆತ್ತಿಯ ಮೇಲಿಂದ ಬೀಳುವುದರಿಂದ ಮೋಡಗಳೆಲ್ಲ ಹಿಂಜಿದ ಹತ್ತಿಯಂತೆ ಕಾಣುತ್ತವೆ. ಐದು ಗಂಟೆ ದಾಟಿ ಬೆಳಕು ಓರೆಯಾದಾಗ ಅದೇ ಮೋಡಕ್ಕೆ ಹೊಟ್ಟೆ, ಬೆನ್ನು, ಅಂಚು ಮೂಡುತ್ತವೆ. ಹೊಟ್ಟೆ ಕಪ್ಪಾದಷ್ಟೂ ನೋಡುವವರ ಮನಸ್ಸು ಭಾರವಾಗುತ್ತದೆ. ದುಃಖ ಮೋಡದಲ್ಲಿಲ್ಲ, ನಮ್ಮ ಕಣ್ಣಿನಲ್ಲಿದೆ ಎಂದು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದೆ.

ಪಿರಿಯಾಪಟ್ಟಣದಲ್ಲಿ ಸ್ಟುಡಿಯೋ ಇಟ್ಟಿರುವ ರಹಮತ್ ನನ್ನ ಸ್ನೇಹಿತರು. ಈಗ ಅವರಿಗೆ ಹೆಚ್ಚಾಗಿ ಬರುವುದು ತೀರಿಕೊಂಡವರ ಫೋಟೋ ಕೆಲಸ. ನಮ್ಮ ಹಳ್ಳಿಗಳಲ್ಲಿ ಬದುಕಿದ್ದಾಗ ಒಬ್ಬರೇ ಕೂತು ಫೋಟೋ ತೆಗೆಸಿಕೊಳ್ಳುವವರು ಕಡಿಮೆ. ಸತ್ತ ಮೇಲೆ ಮನೆಯವರು ಮದುವೆಯ ಗುಂಪಿನ ಫೋಟೋವನ್ನೋ ಗುರುತಿನ ಚೀಟಿಯನ್ನೋ ತರುತ್ತಾರೆ. ರಹಮತ್ ಅದರಿಂದ ಮುಖ ಬಿಡಿಸಿ, ಬಿಳಿ ಶರಟು ತೊಡಿಸಿ, ಹಿಂದೆ ಆಕಾಶ ಕೂರಿಸಿ, ಕಟ್ಟು ಹಾಕಿ ಕೊಡುತ್ತಾರೆ. ಬದುಕಿರುವವರಿಗೆ ಪರದೆ, ಹೋದವರಿಗೆ ಆಕಾಶ. ಮುಖದ ಮೇಲೆ ಬೆಳಕು ಎಡದಿಂದ ಬಿದ್ದಿದ್ದರೆ ಆಕಾಶದಲ್ಲೂ ಎಡದಿಂದಲೇ ಬರಬೇಕು, ಇಲ್ಲದಿದ್ದರೆ ಅಂಟಿಸಿದ್ದು ಗೊತ್ತಾಗುತ್ತದೆ ಎನ್ನುತ್ತಾರೆ. ಕಂಪ್ಯೂಟರಿನಲ್ಲಿ ಸಿಗುವ ಆಕಾಶವನ್ನೇ ಎಲ್ಲರಿಗೂ ಹಾಕಿ ಬೇಸತ್ತು, ನನ್ನ ಚಿತ್ರಗಳನ್ನು ಕೇಳಿ ಪಡೆದಿದ್ದರು.

ಒಂದು ಶನಿವಾರ ಅವರ ಫೋನ್ ಬಂತು. "ಮೇಷ್ಟ್ರೇ, ನಿಮ್ ಮೋಡದ ಮೇಲೆ ಕಂಪ್ಲೇಂಟ್ ಬಂದೈತೆ. ಲ್ಯಾಪ್‌ಟಾಪ್ ತಗೊಂಡು ಬಂದ್ಬುಡಿ."

ಹೋದಾಗ ಸ್ಟುಡಿಯೋದಲ್ಲಿ ಟವೆಲಿನಲ್ಲಿ ಸುತ್ತಿದ ಫೋಟೋ ಹಿಡಿದು ಒಬ್ಬ ಹೆಂಗಸು ಕೂತಿದ್ದರು. ಹೆಸರು ಶಿವಮ್ಮ, ರಾವಂದೂರಿನ ಪಕ್ಕದ ಹಳ್ಳಿಯವರು. ಗಂಡ ಮಾದೇವ ತೀರಿಕೊಂಡು ತಿಂಗಳಾಗಿತ್ತು.

"ನಮ್ಮತ್ತೆ ಅನ್ನ ಮುಟ್ಟಿ ನಾಕು ದಿಸ ಆಯ್ತು ಸಾ. ಎಡೆ ಇಕ್ಕಕ್ಕೂ ಬುಡಲ್ಲ. ಮಗ ಮಳೇಲಿ ನೆನೀತಾ ನಿಂತವ್ನೆ, ನಾನೆಂಗೆ ಉಣ್ಣಲಿ ಅಂತಾರೆ. ಇಂಗೇ ಆದ್ರೆ ಅವ್ರದ್ದೂ ಒಂದು ಫೋಟೋ ಮಾಡುಸ್ಬೇಕಾಯ್ತದೆ."

"ಮಳೆ ಎಲ್ಲೈತಮ್ಮ ಇದ್ರಲ್ಲಿ?" ಎಂದರು ರಹಮತ್. "ಒಂದು ಹನಿ ತೋರ್ಸಿ, ಸ್ಟುಡಿಯೋನೇ ನಿಮ್ಗೆ ಬರ್ಕೊಡ್ತೀನಿ."

"ನಂಗೂ ಕಾಣಲ್ಲ ಕಣಣ್ಣ. ಅವರಿಗೆ ಕಾಣ್ತದಲ್ಲ, ಏನ್ ಮಾಡನ?"

ನಿಜಕ್ಕೂ ಅದರಲ್ಲಿ ಮಳೆ ಇರಲಿಲ್ಲ. ಕಪ್ಪು ಹೊಟ್ಟೆಯ, ಚಿನ್ನದ ಅಂಚಿನ ಸಂಜೆ ಮೋಡವಿತ್ತು, ಅಷ್ಟೆ. ಆಯ್ದುಕೊಟ್ಟವನು ನಾನೇ, ಗಂಭೀರವಾಗಿ ಕಾಣುತ್ತದೆಂದು. ಬೇರೆ ಆಕಾಶ ಹಾಕೋಣ ಎಂದೆ. ರಹಮತ್ ಇಳಿಹೊತ್ತಿನ ಅಸರ್ ನಮಾಜಿಗೆ ಹೊರಟರು. ಲ್ಯಾಪ್‌ಟಾಪಿನಲ್ಲಿ ಹುಡುಕುತ್ತಾ, ರಾವಂದೂರಿನ ಕಡೆಯ ಕೆರೆ ಏರಿಯಿಂದ ತೆಗೆದ ಆ ಮೋಡದ ಮೂಲ ಚಿತ್ರವನ್ನು ತೆರೆದೆ. ರಹಮತ್ ಬಳಸಿದ್ದು ಮೇಲಿನ ಅರ್ಧವನ್ನು ಮಾತ್ರ. ಕೆಳಗಿನ ಅರ್ಧದಲ್ಲಿ, ಬಲಗಡೆ, ಮೋಡದ ಹೊಟ್ಟೆಯಿಂದ ನೆಲದವರೆಗೆ ಬೂದು ಬಣ್ಣದ ಮಳೆ ಓರೆಯಾಗಿ ಇಳಿದಿತ್ತು.

ಶಿವಮ್ಮ ಎದ್ದು ಬಂದು ಪರದೆಯ ಮೇಲೆ ಬೆರಳಿಟ್ಟರು. "ಈ ಜೋಡಿ ಮರ ನಮ್ಮೊಲದ್ದು ಸಾ. ಮಳೆ ಸುರೀತಿರದು ನಮ್ಮೊಲಕ್ಕೇಯ. ಯಾವತ್ತು ತೆಗ್ದಿದ್ದು?"

ಫೈಲಿನಲ್ಲಿದ್ದ ದಿನಾಂಕ ಓದಿದೆ. ಗಂಡ ಸತ್ತ ದಿನವೇ ಅದು ಎಂದರು. ಗಂಟೆಯೂ ಹೊಂದುತ್ತಿತ್ತು. ಆ ಸಂಜೆ ಊರಲ್ಲಿ ಹನಿ ಬಿದ್ದಿರಲಿಲ್ಲವಂತೆ, ಹೊಲದ ಕಡೆ ಮಾತ್ರ ಸುರಿದಿತ್ತು. ಎದೆನೋವು ಬಂದು ಮಾದೇವ ಹೊಗೆಸೊಪ್ಪಿನ ಸಾಲಿನಲ್ಲೇ ಬಿದ್ದಿದ್ದ. ಇವರು ಹೋಗುವಷ್ಟರಲ್ಲಿ ಮಳೆ ನಿಂತಿತ್ತು. "ಮೈಯೆಲ್ಲ ತೊಪ್ಪೆಯಾಗಿತ್ತು. ಅತ್ತೆ ತಡ್ಕೊಳಲ್ಲ ಅಂತ ಅಲ್ಲೇ ಒರ್ಸಿ, ಬ್ಯಾರೆ ಬಟ್ಟೆ ಉಡ್ಸಿ ಮನೆಗೆ ತಂದೋ. ನೆಂದಿದ್ದು ಅವರಿಗೆ ಹೇಳೇ ಇಲ್ಲ ಸಾ."

ರಹಮತ್ ಬಂದ ಮೇಲೆ ಬೀಚನಹಳ್ಳಿಯ ಹಿನ್ನೀರಿನ ಬಳಿ ತೆಗೆದ ಬೆಳಗಿನ ಆಕಾಶವೊಂದನ್ನು ಹಾಕಿಸಿದೆ. ತೆಳು ಬಿಳಿ ಮೋಡ ಬೆಳಕನ್ನೆಲ್ಲ ಸೋಸಿ ಬಿಟ್ಟಂತಿತ್ತು. ಹಿಂದಿನ ಆಕಾಶದಲ್ಲಿ ಹೆದರಿದಂತಿದ್ದ ಮಾದೇವ ಇದರಲ್ಲಿ ಈಗಷ್ಟೇ ಜಗಲಿಯ ಮೇಲೆ ಕೂತು ಉಸಿರು ಬಿಟ್ಟಂತೆ ಕಂಡ. ಮುಖ ಅದೇ.

ಮರುದಿನ ಫೋಟೋವನ್ನು ನಾನೇ ಒಯ್ದೆ. ಶಿವಮ್ಮನ ಅತ್ತೆ ಕಾಳಮ್ಮ ಅದನ್ನು ತೊಡೆಯ ಮೇಲಿಟ್ಟುಕೊಂಡು, ಸೆರಗಿನಿಂದ ಗಾಜು ಒರೆಸಿ ತುಂಬ ಹೊತ್ತು ನೋಡಿದರು. "ಒಣಗವ್ನೆ," ಎಂದರು. ಆಮೇಲೆ ಸೊಸೆಯ ಕಡೆ ತಿರುಗಿ, "ಇಕ್ಕವ್ವ, ಅವನ್ಗೂ ನಂಗೂವೆ. ಈ ಸಾಮಿಗೂ ಇಕ್ಕು, ಒಳ್ಳೆ ಕಡ್ಡಿ ಇದ್ದಂಗವ್ರೆ."

ಇಷ್ಟೇ ಆಗಿದ್ದರೆ ನಾನು ಬರೆಯುತ್ತಿರಲಿಲ್ಲ. ಕಪ್ಪು ಮೋಡ ಕಂಡು ಮುದುಕಿಗೆ ಮಳೆ ಎನಿಸಿರಬಹುದು. ಮಗ ನೆನೆದದ್ದನ್ನು ಅಕ್ಕಪಕ್ಕದವರು ಆಡಿಕೊಂಡಿದ್ದು ಕಿವಿಗೆ ಬಿದ್ದಿರಬಹುದು. ಹೆಚ್ಚುಕಡಿಮೆ ದಿನಾ ಫೋಟೋ ತೆಗೆಯುವವನ ಬಳಿ ಆ ದಿನದ್ದೂ ಒಂದು ಇರುವುದರಲ್ಲಿ ಆಶ್ಚರ್ಯವಿಲ್ಲ.

ಆದರೆ ಕಾಳಮ್ಮನಿಗೆ ಫೋಟೋ ಕೊಟ್ಟ ಸಂಜೆ ಮನೆಗೆ ಬಂದು ಮೂಲ ಚಿತ್ರವನ್ನು ಮತ್ತೆ ತೆರೆದಾಗ ಅದರಲ್ಲಿ ಮಳೆ ಇರಲಿಲ್ಲ. ದಿನಾಂಕ ಅದೇ, ಮೋಡ ಅದೇ, ಜೋಡಿ ಮರ ಅಲ್ಲೇ ಇವೆ. ಮರಗಳ ಹಿಂದೆ ದಿಗಂತದವರೆಗೂ ಹಳದಿ ಬೆಳಕು. ಹಿಂದಿನ ಮುಂದಿನ ಚಿತ್ರಗಳನ್ನೂ, ಕ್ಯಾಮೆರಾದ ಕಾರ್ಡನ್ನೂ ಹುಡುಕಿದೆ. ಎಲ್ಲಿಯೂ ಇಲ್ಲ. ರಹಮತ್‌ರನ್ನು ಕೇಳಿದರೆ, "ನಾನು ನಮಾಜಿಗೆ ಹೋಗಿದ್ನಲ್ಲ ಮೇಷ್ಟ್ರೇ. ಬಂದಾಗ ನೀವಿಬ್ರೂ ಗರ ಬಡಿದವ್ರಂಗೆ ಕುಂತಿದ್ರಿ," ಎಂದರು.

ಫೋಟೋ ತೆಗೆದ ದಿನ ದೂರದಲ್ಲಿ ಮಳೆ ಬರುತ್ತಿತ್ತೇ ಎಂಬುದು ನನಗೆ ನೆನಪಿಲ್ಲ. ಹೆಂಗಸಿನ ದುಃಖ ನೋಡಿ ನಾನೇ ಮಳೆಯನ್ನು ಕಲ್ಪಿಸಿಕೊಂಡೆನೇ? ಆಕೆಯ ಮಾತು ಕೇಳಿದ ಮೇಲೆ ನೆನಪು ಹಿಂದಕ್ಕೆ ಹೋಗಿ ಮಳೆಯನ್ನು ಸೇರಿಸಿತೇ? ನೆನಪು ಇಂಥ ಕೆಲಸ ಮಾಡುತ್ತದೆಂದು ನನಗೆ ಗೊತ್ತು. ಪರೀಕ್ಷಿಸುವ ದಾರಿಯೂ ಗೊತ್ತು: ಶಿವಮ್ಮನನ್ನು ಕೇಳಬೇಕು. ಎರಡು ಸಲ ರಾವಂದೂರಿನವರೆಗೆ ಹೋಗಿ ಟೀ ಕುಡಿದು ವಾಪಸಾಗಿದ್ದೇನೆ. ಆ ಮನೆಯಲ್ಲಿ ಮಳೆಯ ಮಾತು ಮತ್ತೆ ಎದ್ದರೆ ಒಳಗೆ ಕೂತಿರುವ ಮುದುಕಿಗೂ ಕೇಳಿಸುತ್ತದೆ.

ಹೋದ ವಾರ ಶಿವಮ್ಮ ತಾವಾಗಿಯೇ ಫೋನ್ ಮಾಡಿದ್ದರು. ಪ್ರಶ್ನೆ ನಾಲಿಗೆಯ ತುದಿಯವರೆಗೆ ಬಂತು. ಅತ್ತೆ ಊಟ ಮಾಡ್ತಾರಾ ಎಂದಷ್ಟೇ ಕೇಳಿದೆ.

"ದಿನಾ ಎರಡು ಮುದ್ದೆ ಸಾ," ಎಂದರು.