ಆಟದ ಅರವತ್ತು ಗಂಟೆ

ಮರಳವಾಡಿ ಸುತ್ತಮುತ್ತ ನಾನು ಟೋಪಿ ಹಾಕದ ತಲೆ ಇಲ್ಲ, ಒಬ್ಬ ಹೆಡ್‌ಮಿಸ್ಸಿನ ತಲೆ ಬಿಟ್ಟು.

ಹಾರೋಹಳ್ಳಿಗೆ ಫ್ಯಾಕ್ಟರಿಗಳು ಬಂದ ಹೊಸತು. ಮಗ, ಸೊಸೆ ಇಬ್ಬರೂ ಶಿಫ್ಟಿಗೆ ಹೋಗುತ್ತಿದ್ದರು. ಮೊಮ್ಮಗಳಿಗೆ ಮನೆಯಲ್ಲಿ ನಾನೇ ಮೇಷ್ಟ್ರು. ಮನೆಯಲ್ಲೇ ಓದುವ ಮಕ್ಕಳಿಗೆ ಹೈಸ್ಕೂಲು ಮುಗಿಸಿದ ಸರ್ಟಿಫಿಕೇಟು ಕೊಡುವ ಕ್ರೈಸ್ತ ಶಾಲೆಯೊಂದಿತ್ತು. ಪಾಠದ ಜೊತೆ ಅರವತ್ತು ಗಂಟೆ ಆಟವೂ ಆಗಿರಬೇಕು, ಮೇಷ್ಟ್ರು ಅದನ್ನು ಡೈರಿಯಲ್ಲಿ ಬರೆದಿರಬೇಕು. ನಾನು ಅಷ್ಟನ್ನೂ ಒಂದೇ ಸಂಜೆ ಕೂತು ಬರೆದುಬಿಟ್ಟಿದ್ದೆ.

ಡೈರಿ ಒಯ್ದು ಕೊಟ್ಟಾಗ ಆ ಶಾಲೆಯ ಹೆಡ್‌ಮಿಸ್ಸು ಕನ್ನಡಕವನ್ನು ಮೂಗಿನ ತುದಿಗಿಳಿಸಿ, ಸಾಲು ಸಾಲಿಗೂ ಬೆರಳೆಳೆಯುತ್ತಾ ಎಂದಿನಂತೆ, "ನೋಡ್ದೆ ನಾನು ಸೈನ್ ಹಾಕಕ್ಕಿಲ್ಲ" ಎಂದರು. ಬೆರಳು ಒಂದು ಕಡೆ ನಿಂತಿತು.

"ಯಜಮಾನ್ರೇ, ಈ ವಾರ ನಿಮ್ಮನೆ ರೇಷ್ಮೆ ಹುಳ ನಾಕ್ನೇ ಜ್ವರ ಎದ್ದಿತ್ತು, ಕಡೇ ಸಲ ಪೊರೆ ಬಿಟ್ಟಿತ್ತು ಅಂತ ವಿಜ್ಞಾನದ ಪುಟದಲ್ಲಿ ನೀವೇ ಬರ್ದಿದ್ದೀರಿ."

"ಹೂ ಕಣವ್ವ. ಏನ್ ಸೊಪ್ಪು ತಿಂದ್ವು ಅಂತೀರಾ!"

"ಆ ವಾರ ಹಗ್ಲೂ ರಾತ್ರಿ ಸೊಪ್ಪು ಹಾಕ್ತಾ ಅನ್ನ ಉಣ್ಣಕ್ಕೇ ಪುರುಸೊತ್ತಿರಕ್ಕಿಲ್ಲ. ನೀವು ದಿನಾ ಎರಡು ಗಂಟೆ ಶಟಲ್ ಆಡುದ್ರಾ? ನಾನೂ ಹುಳ ಸಾಕೋ ಮನೇಲೇ ಹುಟ್ಟಿರೋಳು."

ಪಕ್ಕದಲ್ಲಿದ್ದ ಮೊಮ್ಮಗಳ ಮುಖ ಬಾಡಿತು. ಕಾಲೇಜಿಗೆ ಅರ್ಜಿ ಹಾಕಲು ಉಳಿದದ್ದು ಒಂದೇ ತಿಂಗಳು.

ಹೆಡ್‌ಮಿಸ್ಸು ಆಟದ ಪುಟಗಳಿಗೆಲ್ಲ ಗೀಟು ಹಾಕಿದರು. "ಇನ್ನೂ ತಿಂಗ್ಳೈತೆ. ದಿನಾ ಎರಡು ಗಂಟೆ ಇಲ್ಲೇ ಬಂದು ಆಡ್ಲಿ. ಎದುರಿಗೆ ನೀವೇ ಆಡ್ಬೇಕು."

ಪಂಚೆ ಎತ್ತಿ ಕಟ್ಟಿಕೊಂಡು ಆಡಿದೆ. ಅವರು ಮೆಟ್ಟಿಲ ಮೇಲೆ ಕೂತು ಗಡಿಯಾರ ನೋಡುತ್ತಿದ್ದರು. ಮೂವತ್ತನೆಯ ದಿನ ಡೈರಿಗೆ ಸಹಿ ಬಿತ್ತು. ಅದರ ಕೆಳಗೆ ಒಂದು ಷರಾ: "ಹುಡುಗಿ ಪಾಸು. ಮೇಷ್ಟ್ರು ಇನ್ನೊಂದು ತಿಂಗಳು ಆಡಬೇಕು."