ತಾತನ ತೋಳಿಗೆ ನಾಲ್ಕು ಪಟ್ಟಿ

ಬೆಳಿಗ್ಗೆ ಬಾಲ್ಯದ ಗೆಳತಿ ಶಮೀಮ್ ಚಿಂತಾಮಣಿಯಿಂದ ಮೊಬೈಲಿಗೆ ಹಳೆಯ ಮಿಲಿಟರಿ ಫೋಟೊ ಕಳಿಸಿದಳು. ‘ಯಾವ ಬ್ಯಾಡ್ಜ್ ಯಾರ್ದು ಅಂತ ಮೊಮ್ಮಗ ಕೇಳ್ತಿದಾನೆ, ಹೇಳೇ.’

ನೋಡುತ್ತಲೇ ಹಳೆಯ ಹೊಟ್ಟೆಕಿಚ್ಚು ಎದ್ದಿತು.

ಇದೇ ಫೋಟೊ ನಮ್ಮ ಮನೆಯಲ್ಲೂ ಇತ್ತು. ನಮ್ಮಿಬ್ಬರ ತಾತಂದಿರೂ ಒಂದೇ ಪಲ್ಟನ್ನಿನವರು. ಅವಳ ತಾತ ಮುಂದೆ ಕುರ್ಚಿಯಲ್ಲಿ, ತೋಳಿಗೆ ಹುದ್ದೆ ತೋರಿಸುವ ‘ವಿ’ ಆಕಾರದ ಮೂರು ಪಟ್ಟಿ. ನಮ್ಮ ತಾತ ಹಿಂದಿನ ಸಾಲಿನ ಕೊನೆಯಲ್ಲಿ, ಬರಿಯ ತೋಳು. ‘ನಿಮ್ಮ ತಾತಂಗೆ ಒಂದಾದ್ರೂ ಇಲ್ವೇನೇ?’ ಎಂದು ಅವಳು ಕೇಳಿದ ದಿನ ಮನೆಗೆ ಓಡಿಬಂದು, ಪೆನ್ಸಿಲನ್ನು ನಾಲಿಗೆಗೆ ತಾಗಿಸಿ, ನಮ್ಮ ಫೋಟೊದಲ್ಲಿ ತಾತನ ತೋಳಿಗೆ ನಾಲ್ಕು ಪಟ್ಟಿ ಎಳೆದೆ. ಅವಳ ತಾತನಿಗಿಂತ ಒಂದು ಹೆಚ್ಚು.

ಹೊಲಿಗೆ ಯಂತ್ರ ಬಿಟ್ಟು ಎದ್ದುಬಂದ ತಾತ ಕನ್ನಡಕ ಏರಿಸಿ ನೋಡಿದರು. ಬೈಯಲಿಲ್ಲ. ‘ತಲೆಕೆಳಗಾಗಿ ಬರ್ದಿದೀಯ ಕಣಮ್ಮ. ಚೂಪು ಕೆಳಕ್ಕೆ ಬರ್ಬೇಕು. ಪಲ್ಟನ್ನಿನ ದರ್ಜಿ ನಾನು, ಶಮೀಮ್ ತಾತನ ಪಟ್ಟೀನೂ ನಾನೇ ಹೊಲ್ದಿದ್ದು,’ ಎಂದರು.

ಈಗ ಫೋಟೊ ದೊಡ್ಡದು ಮಾಡಿ ನೋಡಿದೆ. ಪಟ್ಟಿಗಳು ಎಷ್ಟು ನೇರವಾಗಿ ಕೂತಿವೆ. ‘ಹವಾಲ್ದಾರ್ ಪಟ್ಟಿ, ಹೊಲಿದವರು ನಮ್ಮ ತಾತ’ ಎಂದು ಬರೆದು ಕಳಿಸಿದೆ. ಆದರೂ ಅವು ಅವಳ ತಾತನ ತೋಳಿನಲ್ಲೇ ಇವೆಯಲ್ಲ ಅನ್ನುವುದನ್ನು ನನಗೆ ಇವತ್ತಿಗೂ ಸಹಿಸಲಾಗುತ್ತಿಲ್ಲ.